ನ್ಯೂರೋಎಂಡೋಕ್ರೈನ್ ಕ್ಯಾನ್ಸರ್‌ಗೆ ಕಿಮೊ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಅಂದ ಕೂಡಲೇ ಮನೆಯವರು ಕೇಳುವ ಮೊದಲ ಮಾತು, "ಕಿಮೊ ಯಾವಾಗಿನಿಂದ?" ಈ ಕಾಯಿಲೆಯಲ್ಲಿ ಆ ಪ್ರಶ್ನೆ ಸ್ವಲ್ಪ ಕಾಯಬೇಕು. ಕೆಲವರಿಗೆ ಕಿಮೊ ಬೇಕಾಗುವುದೇ ಇಲ್ಲ. ಕೆಲವರಿಗೆ ವರ್ಷಗಳಾದ ಮೇಲೆ ಬೇಕಾಗುತ್ತದೆ. ಇನ್ನು ಕೆಲವರಿಗೆ ಇದೇ ವಾರ ಶುರು ಮಾಡಬೇಕಾಗುತ್ತದೆ. ಮೂವರ ಕಾಯಿಲೆಗೂ ಹೆಸರು ಮಾತ್ರ ಒಂದೇ. ಗೊಂದಲವೆಲ್ಲ ಹುಟ್ಟುವುದು ಅಲ್ಲೇ.

ಇಲ್ಲಿ ಬರೆದಿರುವುದು ಓದಿ ತಿಳಿದುಕೊಳ್ಳುವುದಕ್ಕೆ. ಡೋಸ್, ದಿನ, ಔಷಧಿ ಬದಲಿಸುವ ವಿಷಯ ಬಂದಾಗ ನಿಮ್ಮನ್ನು ನೋಡುತ್ತಿರುವ ಆಂಕಾಲಜಿಸ್ಟ್ ಹೇಳಿದ್ದೇ ಕೊನೆ ಮಾತು.

ಇದು ಎಂಥ ಕ್ಯಾನ್ಸರ್?

ನರಕೋಶದ ಗುಣ ಸ್ವಲ್ಪ, ಹಾರ್ಮೋನ್ ಸುರಿಸುವ ಗುಣ ಸ್ವಲ್ಪ ಇರುವ ಜೀವಕೋಶಗಳು ನಮ್ಮ ಮೈಯಲ್ಲಿ ಅಲ್ಲಲ್ಲಿ ಚೆದುರಿಕೊಂಡಿವೆ. ಹೊಟ್ಟೆ, ಸಣ್ಣ ಕರುಳು, ಅಪೆಂಡಿಕ್ಸ್, ಗುದನಾಳ, ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ, ಶ್ವಾಸಕೋಶ, ಹೀಗೆ ಎಲ್ಲಿ ಬೇಕಾದರೂ. ಈ ಕೋಶಗಳಿಂದ ಹುಟ್ಟುವ ಗಡ್ಡೆಗಳಿಗೆ ನ್ಯೂರೋಎಂಡೋಕ್ರೈನ್ ಗಡ್ಡೆಗಳು ಎನ್ನುತ್ತಾರೆ. ಜರ್ಮನಿಯ ಪೆಥಾಲಜಿಸ್ಟ್ (ಗಡ್ಡೆಯ ಚೂರನ್ನು ಪರೀಕ್ಷಿಸಿ ರೋಗ ಗುರುತಿಸುವ ಡಾಕ್ಟರು) ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಕರುಳಿನ ಇಂಥ ಗಡ್ಡೆಗಳ ಬಗ್ಗೆ ಬರೆದಾಗ, ಇವು ಅಪಾಯವಿಲ್ಲದವು ಎಂದೇ ಅಂದುಕೊಂಡಿದ್ದರು. ಇವು ಹರಡಬಲ್ಲವು ಎಂದು 1929ರಲ್ಲಿ ಅವರೇ ತಿದ್ದಿ ಹೇಳಿದರು. ಅಂದರೆ ಈ ಕಾಯಿಲೆಯ ಸ್ವಭಾವ ತಜ್ಞರಿಗೂ ಸುಲಭಕ್ಕೆ ಸಿಕ್ಕಿದ್ದಲ್ಲ.

ಹಾಗಾದರೆ ಎಲ್ಲರಿಗೂ ಕಿಮೊ ಬೇಕಾ?

ಇಲ್ಲ. ಸಾಮಾನ್ಯ ಕಿಮೊ ಔಷಧಿಗಳು ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು ಹೊಡೆಯುತ್ತವೆ. ಈ ಗಡ್ಡೆಗಳಲ್ಲಿ ಬಹಳಷ್ಟು ಆಮೆ ವೇಗದಲ್ಲಿ ಬೆಳೆಯುವಂಥವು. ಅವುಗಳ ಮೇಲೆ ಕಿಮೊ ಹಾಕಿದರೆ ಗಡ್ಡೆಗೆ ತಾಗುವುದಕ್ಕಿಂತ ರಕ್ತಕಣಗಳಿಗೆ, ಕರುಳಿಗೆ ತಾಗುವುದೇ ಜಾಸ್ತಿ. ಸಣ್ಣ ಕರುಳಿನ ನಿಧಾನಗತಿಯ ಗಡ್ಡೆಗಳಂತೂ ಕಿಮೊಗೆ ಅಷ್ಟಾಗಿ ಬಗ್ಗುವುದಿಲ್ಲ. ಪ್ಯಾಂಕ್ರಿಯಾಸ್‌ನಲ್ಲಿ ಹುಟ್ಟಿದವು ಹಾಗಲ್ಲ, ನಿಧಾನವಾಗಿ ಬೆಳೆಯುವವೂ ಕಿಮೊಗೆ ಸಾಕಷ್ಟು ಬಗ್ಗುತ್ತವೆ. ಇನ್ನು ತೀರಾ ವೇಗವಾಗಿ ಬೆಳೆಯುವ ಬಗೆಗೆ ಕಿಮೊನೇ ಮೊದಲ ಮದ್ದು.

ಹೀಗಾಗಿ ಕಿಮೊ ಬೇಕೋ ಬೇಡವೋ ಎನ್ನುವುದಕ್ಕೆ ಉತ್ತರ ಇರುವುದು ಬಯಾಪ್ಸಿ ರಿಪೋರ್ಟ್‌ನಲ್ಲಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದ ವರದಿಯಲ್ಲಿ. ಸ್ಕ್ಯಾನ್‌ನಲ್ಲಿ ಗಡ್ಡೆ ಎಷ್ಟು ದೊಡ್ಡದು ಎಂದು ಎಲ್ಲರೂ ನೋಡುತ್ತಾರೆ. ಬಯಾಪ್ಸಿ ರಿಪೋರ್ಟನ್ನು ಮಾತ್ರ ಫೈಲ್‌ನ ತಳದಲ್ಲಿ ಹಾಗೇ ಬಿಟ್ಟಿರುತ್ತಾರೆ.

ಆ ರಿಪೋರ್ಟ್‌ನಲ್ಲಿ ಏನು ನೋಡಬೇಕು?

ಕೊನೆಯಲ್ಲಿ ಒಂದು ಸಾಲು ಹೀಗಿರುತ್ತದೆ: "ವೆಲ್ ಡಿಫರೆನ್ಶಿಯೇಟೆಡ್ ನ್ಯೂರೋಎಂಡೋಕ್ರೈನ್ ಟ್ಯೂಮರ್, ಗ್ರೇಡ್ 2, ಕೆಐ-67: 8%." ಇದರಲ್ಲಿ ಎರಡು ವಿಷಯ ಮುಖ್ಯ.

ಮೊದಲನೆಯದು "ವೆಲ್" ಅಂತಿದೆಯಾ, "ಪೂರ್‌ಲಿ" ಅಂತಿದೆಯಾ ಎನ್ನುವುದು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳು ತಮ್ಮ ಮೂಲ ರೂಪವನ್ನು ಇನ್ನೂ ಉಳಿಸಿಕೊಂಡಿದ್ದರೆ ವೆಲ್ ಡಿಫರೆನ್ಶಿಯೇಟೆಡ್. ಇದನ್ನು ಚಿಕ್ಕದಾಗಿ ನೆಟ್ ಎನ್ನುತ್ತಾರೆ. ಗುರುತು ಸಿಗದಷ್ಟು ಕೆಟ್ಟುಹೋಗಿದ್ದರೆ ಪೂರ್‌ಲಿ ಡಿಫರೆನ್ಶಿಯೇಟೆಡ್. ಇದು ನ್ಯೂರೋಎಂಡೋಕ್ರೈನ್ ಕಾರ್ಸಿನೋಮ, ಚಿಕ್ಕದಾಗಿ ನೆಕ್. ಇದರಲ್ಲಿ ಸ್ಮಾಲ್ ಸೆಲ್, ಲಾರ್ಜ್ ಸೆಲ್ ಎಂದು ಎರಡು ಬಗೆ. ಕೇಳುವುದಕ್ಕೆ ನೆಟ್, ನೆಕ್ ಒಂದೇ ತರ. ಚಿಕಿತ್ಸೆಯಲ್ಲಿ ಅಜಗಜಾಂತರ.

ಎರಡನೆಯದು ಕೆಐ-67. ಇದೊಂದು ಪ್ರೋಟೀನ್. ಒಡೆಯಲು ತಯಾರಾದ ಕೋಶಗಳಲ್ಲಿ ಮಾತ್ರ ಇರುತ್ತದೆ. ಬಣ್ಣ ಹಾಕಿದರೆ ಅಂಥ ಕೋಶಗಳ ಕೇಂದ್ರ (ನ್ಯೂಕ್ಲಿಯಸ್) ಕಂದು ಬಣ್ಣಕ್ಕೆ ತಿರುಗುತ್ತದೆ. ಅತಿ ಹೆಚ್ಚು ಬಣ್ಣ ಹಿಡಿದ ಜಾಗ ಹುಡುಕಿ, ಅಲ್ಲಿ ಕನಿಷ್ಠ 500 ಕೋಶಗಳನ್ನು ಎಣಿಸಿ, ನೂರಕ್ಕೆ ಎಷ್ಟು ಎಂದು ಬರೆಯುತ್ತಾರೆ. ಜೀರ್ಣಾಂಗಗಳ ಗಡ್ಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ವಿಂಗಡಣೆ ಪ್ರಕಾರ 3%ಗಿಂತ ಕಡಿಮೆ ಇದ್ದರೆ ಗ್ರೇಡ್ 1, 3ರಿಂದ 20% ಇದ್ದರೆ ಗ್ರೇಡ್ 2, 20% ದಾಟಿದರೆ ಗ್ರೇಡ್ 3. ಕೋಶ ಒಡೆಯುತ್ತಿರುವುದನ್ನು ನೇರವಾಗಿ ಎಣಿಸುವ ಮೈಟೋಸಿಸ್ ಲೆಕ್ಕವನ್ನೂ ಇದರ ಜೊತೆ ನೋಡುತ್ತಾರೆ. ಎರಡರಲ್ಲಿ ಯಾವುದು ಮೇಲಿನ ಗ್ರೇಡ್ ತೋರಿಸುತ್ತದೋ ಅದೇ ಲೆಕ್ಕಕ್ಕೆ. ಶ್ವಾಸಕೋಶದ ಗಡ್ಡೆಗಳಿಗೆ ಬೇರೆ ಹೆಸರುಗಳಿವೆ: ಟಿಪಿಕಲ್ ಕಾರ್ಸಿನಾಯ್ಡ್, ಏಟಿಪಿಕಲ್ ಕಾರ್ಸಿನಾಯ್ಡ್, ಆಮೇಲೆ ಜೋರಿನವು.

ರಿಪೋರ್ಟ್‌ನಲ್ಲಿ ಕೆಐ-67 ಬರೆದೇ ಇಲ್ಲ ಅಂದರೆ ಕೇಳಿ ಬರೆಸಿಕೊಳ್ಳಿ. ಆ ಅಂಕಿ ಇಲ್ಲದೆ ಕಿಮೊ ತೀರ್ಮಾನ ಮಾಡುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ಈ ಕಾಯಿಲೆಯನ್ನು ಆಗಾಗ ನೋಡುವ ಪೆಥಾಲಜಿಸ್ಟ್ ಹತ್ತಿರ ಅದೇ ಸ್ಲೈಡ್ ಇನ್ನೊಮ್ಮೆ ತೋರಿಸುವುದೂ ಒಳ್ಳೆಯದೇ. ಮೊದಲನೆಯವರ ಮೇಲೆ ಅಪನಂಬಿಕೆ ಅಂತ ಯಾರೂ ತಿಳಿದುಕೊಳ್ಳುವುದಿಲ್ಲ.

ಡಾಕ್ಟರು ಕಿಮೊ ಬೇಡ ಅಂದರು. ನಮ್ಮನ್ನು ಕೈಬಿಟ್ಟರಾ?

ಈ ಪ್ರಶ್ನೆ ತುಂಬಾ ಜನ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಾರೆ. ಗ್ರೇಡ್ 1, ಕಡಿಮೆ ಅಂಕಿಯ ಗ್ರೇಡ್ 2 ಇದ್ದವರಿಗೆ ಕಿಮೊ ಬೇಡ ಅನ್ನುವುದು ಹೆಚ್ಚಾಗಿ ಸರಿಯಾದ ಚಿಕಿತ್ಸೆಯೇ. ಅವರಿಗೆ ಬೇರೆ ದಾರಿಗಳಿವೆ. ಆಪರೇಷನ್ ಮಾಡಿ ತೆಗೆಯಬಹುದು. ನಾಲ್ಕು ವಾರಕ್ಕೊಮ್ಮೆ ಆಕ್ಟ್ರಿಯೋಟೈಡ್ ಅಥವಾ ಲ್ಯಾನ್‌ರಿಯೋಟೈಡ್ ಇಂಜೆಕ್ಷನ್ ಕೊಡಬಹುದು, ಇವು ಹಾರ್ಮೋನ್ ಸುರಿಯುವುದನ್ನು ತಡೆಯುತ್ತವೆ. ಎವರೋಲಿಮಸ್, ಸುನಿಟಿನಿಬ್‌ನಂಥ ಮಾತ್ರೆಗಳಿವೆ. ಲಿವರ್‌ಗೆ ಹರಡಿದ್ದರೆ ಅಲ್ಲಿನ ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚಬಹುದು. ಗಡ್ಡೆಯ ಮೈಮೇಲೆ ಸೊಮ್ಯಾಟೋಸ್ಟ್ಯಾಟಿನ್ ರಿಸೆಪ್ಟರ್ (ಆ ಹೆಸರಿನ ಹಾರ್ಮೋನ್ ಬಂದು ಕೂರುವ ಕೊಂಡಿ) ಇದ್ದರೆ, ಅದಕ್ಕೆ ಹೋಗಿ ಅಂಟಿಕೊಳ್ಳುವ ವಿಕಿರಣ ಔಷಧಿ, ಅಂದರೆ ಲ್ಯುಟೀಷಿಯಂ ಥೆರಪಿ ಕೊಡಬಹುದು. ಕೆಲವರಿಗಂತೂ ಏನೂ ಕೊಡದೆ ಸುಮ್ನೆ ಗಮನಿಸುತ್ತಾ ಇರುತ್ತಾರೆ. ಬೆಳೆಯದೇ ಇರುವ ಗಡ್ಡೆಗೆ ಅವಸರದ ಮದ್ದು ಬೇಕಿಲ್ಲ, ಅಲ್ವಾ?

ಯಾರಿಗೆ ಕಿಮೊ ಕೊಡುತ್ತಾರೆ?

ಮುಖ್ಯವಾಗಿ ಮೂರು ಗುಂಪಿನವರಿಗೆ. ಎಲ್ಲೇ ಹುಟ್ಟಿರಲಿ, ನೆಕ್ ಇದ್ದವರಿಗೆ. ಪ್ಯಾಂಕ್ರಿಯಾಸ್ ನೆಟ್ ಹರಡಿ ಬೆಳೆಯುತ್ತಿದ್ದರೆ ಅಥವಾ ಗಡ್ಡೆ ಕುಗ್ಗಿಸಿ ನೋವು, ಒತ್ತಡ ಇಳಿಸಬೇಕಾಗಿದ್ದರೆ ಅವರಿಗೆ. ಗ್ರೇಡ್ 3 ನೆಟ್ ಇದ್ದವರಲ್ಲಿ ಹಲವರಿಗೆ. ಶ್ವಾಸಕೋಶದ ಏಟಿಪಿಕಲ್ ಕಾರ್ಸಿನಾಯ್ಡ್‌ನಲ್ಲಿ ಬೇರೆ ಮದ್ದು ಸೋತಾಗಲೂ ಕೆಲವೊಮ್ಮೆ ಕೊಡುತ್ತಾರೆ.

ನೆಕ್ ಅಂದರು. ಎರಡೇ ದಿನದಲ್ಲಿ ಕಿಮೊ ಶುರು ಮಾಡೋಣ ಅಂತಿದ್ದಾರೆ. ಇಷ್ಟು ಅವಸರ ಯಾಕೆ?

ನೆಕ್ ವಾರಗಳಲ್ಲೇ ಬೆಳೆಯಬಲ್ಲದು. ಕೆಐ-67 ಹೆಚ್ಚಾಗಿ 50% ದಾಟಿರುತ್ತದೆ, ಸ್ಮಾಲ್ ಸೆಲ್ ಬಗೆಯಲ್ಲಿ 80, 90 ಕೂಡ ಇರುತ್ತದೆ. ಇಲ್ಲಿ ಎರಡನೇ ಅಭಿಪ್ರಾಯಕ್ಕೆ ಅಂತ ತಿಂಗಳು ಕಳೆಯುವುದು ಒಳ್ಳೆಯದಲ್ಲ. ಬೇಕಿದ್ದರೆ ಮೊದಲ ಸೈಕಲ್, ಅಂದರೆ ಕಿಮೊದ ಮೊದಲ ಸುತ್ತು ಶುರುವಾದ ಮೇಲೆ ಕಾಗದಪತ್ರ ತೆಗೆದುಕೊಂಡು ಹೋಗಿ ಕೇಳಬಹುದು.

ಕೊಡುವುದು ಎರಡು ಔಷಧಿ ಜೋಡಿಸಿ: ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ (ಇವೆರಡೂ ಪ್ಲಾಟಿನಂ ಔಷಧಿಗಳು), ಜೊತೆಗೆ ಎಟೊಪೊಸೈಡ್. ಪ್ಲಾಟಿನಂ ಔಷಧಿ ಸಾಮಾನ್ಯವಾಗಿ ಮೊದಲ ದಿನ, ಎಟೊಪೊಸೈಡ್ ಮೂರು ದಿನ. 21 ದಿನಕ್ಕೆ ಒಂದು ಸೈಕಲ್, ಒಟ್ಟು 4ರಿಂದ 6. ಸಿಸ್‌ಪ್ಲಾಟಿನ್ ಆದರೆ ಆ ದಿನ ಉದ್ದವಾಗುತ್ತದೆ. ಕಿಡ್ನಿ ಕಾಪಾಡಲು ಔಷಧಿಗೆ ಮುಂಚೆ, ಆಮೇಲೆ ಎರಡೂ ಹೊತ್ತು ಡ್ರಿಪ್ ಹಾಕುತ್ತಾರೆ. ಎಷ್ಟು ಮೂತ್ರ ಹೋಯಿತು ಎಂದು ನರ್ಸ್ ಕೇಳುತ್ತಲೇ ಇರುತ್ತಾರೆ. ಮುಜುಗರ ಪಡದೆ ಸರಿಯಾಗಿ ಹೇಳಿ, ಅವರು ಕಿಡ್ನಿ ಲೆಕ್ಕ ಹಾಕುತ್ತಿದ್ದಾರೆ. ಕಿಡ್ನಿ ಸ್ವಲ್ಪ ಸೋತಿದ್ದರೆ, ಕಿವಿ ಮಂದವಾಗಿದ್ದರೆ, ವಯಸ್ಸಾಗಿದ್ದರೆ ಕಾರ್ಬೋಪ್ಲಾಟಿನ್ ಆರಿಸುತ್ತಾರೆ. ಅದರಲ್ಲಿ ವಾಂತಿ ಕಡಿಮೆ, ಪ್ಲೇಟ್‌ಲೆಟ್ ಇಳಿಯುವುದು ಹೆಚ್ಚು.

ಎಟೊಪೊಸೈಡ್ ಬದಲು ಇರಿನೋಟೆಕಾನ್ ಹಾಕಿದರೆ ಹೇಗೆ ಎಂದು ಜಪಾನಿನಲ್ಲಿ 170 ಜನರ ಮೇಲೆ ಹೋಲಿಸಿ ನೋಡಿದ್ದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮ ಆಸ್ಪತ್ರೆಯಲ್ಲಿ ಒಂದು, ಪರಿಚಯದವರ ಆಸ್ಪತ್ರೆಯಲ್ಲಿ ಇನ್ನೊಂದು ಕೊಟ್ಟರೆ ಗಾಬರಿ ಬೇಡ.

ಗಡ್ಡೆ ಒಂದೇ ಕಡೆ ಇದ್ದರೆ ಕಿಮೊ ಜೊತೆ ಆಪರೇಷನ್ ಅಥವಾ ರೇಡಿಯೇಷನ್ ಕೂಡ ಸೇರುತ್ತದೆ. ಶ್ವಾಸಕೋಶದ ಸ್ಮಾಲ್ ಸೆಲ್ ಹರಡಿದ್ದರೆ ಕಿಮೊ ಜೊತೆಗೇ ಇಮ್ಯುನೋಥೆರಪಿಯನ್ನೂ (ಮೈಯ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಮದ್ದು) ಕೊಡುವುದು ರೂಢಿ.

ಇದರಿಂದ ಪೂರ್ತಿ ಗುಣವಾಗುತ್ತಾ?

ಹರಡಿದ ನೆಕ್‌ನಲ್ಲಿ ಕಿಮೊ ಗಡ್ಡೆಯನ್ನು ಕುಗ್ಗಿಸುತ್ತದೆ, ಕಷ್ಟ ಇಳಿಸುತ್ತದೆ, ಸಮಯ ಕೊಡುತ್ತದೆ. ಆದರೆ ಹೆಚ್ಚಿನವರಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ಇದನ್ನು ಮುಚ್ಚಿಟ್ಟು ಬರೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಒಂದೇ ಕಡೆ ಇದ್ದಾಗ ಸಿಕ್ಕರೆ ಮಾತು ಬೇರೆ. ನೆಟ್‌ನಲ್ಲಿ ಹರಡಿದ ಮೇಲೂ ವರ್ಷಗಟ್ಟಲೆ ಕಾಯಿಲೆ ಜೊತೆ ಓಡಾಡಿಕೊಂಡಿರುವವರು ಬಹಳ.

ಕ್ಯಾಪ್‌ಟೆಮ್ ಅಂದರೇನು? ಮನೆಯಲ್ಲೇ ಮಾತ್ರೆ ನುಂಗುವುದೂ ಕಿಮೊನಾ?

ಹೌದು, ಅದೂ ಪೂರ್ತಿ ಕಿಮೊನೇ. ಕ್ಯಾಪೆಸಿಟಬಿನ್ ಮತ್ತು ಟೆಮೊಜೊಲೊಮೈಡ್ ಎಂಬ ಎರಡು ಔಷಧಿ ಸೇರಿ ಕ್ಯಾಪ್‌ಟೆಮ್. ಪ್ಯಾಂಕ್ರಿಯಾಸ್ ನೆಟ್‌ಗೆ ಈಗ ಹೆಚ್ಚು ಬಳಸುವ ಜೋಡಿ ಇದು. ಅಮೆರಿಕದಲ್ಲಿ 144 ಜನರ ಮೇಲೆ ನಡೆದ ಪ್ರಯೋಗದಲ್ಲಿ ಟೆಮೊಜೊಲೊಮೈಡ್ ಒಂದೇ ಕೊಟ್ಟವರಲ್ಲಿ ಕಾಯಿಲೆ ಬೆಳೆಯದೆ ನಿಂತ ಅವಧಿಯ ಮಧ್ಯಮ ಲೆಕ್ಕ 14.4 ತಿಂಗಳು, ಎರಡೂ ಕೊಟ್ಟವರಲ್ಲಿ 22.7 ತಿಂಗಳು.

ಸಾಮಾನ್ಯ ಪಟ್ಟಿ 28 ದಿನದ್ದು. 1ರಿಂದ 14ನೇ ದಿನದವರೆಗೆ ಕ್ಯಾಪೆಸಿಟಬಿನ್, ದಿನಕ್ಕೆ ಎರಡು ಸಲ, ಊಟವಾಗಿ ಅರ್ಧ ಗಂಟೆಯೊಳಗೆ. 10ರಿಂದ 14ನೇ ದಿನದವರೆಗೆ ರಾತ್ರಿ ಮಲಗುವಾಗ ಟೆಮೊಜೊಲೊಮೈಡ್, ಅದು ಖಾಲಿ ಹೊಟ್ಟೆಗೆ. ಆಮೇಲೆ 14 ದಿನ ಎರಡೂ ಇಲ್ಲ. ಎಡವಟ್ಟಾಗುವುದು ಆ ಐದು ರಾತ್ರಿಗಳಲ್ಲಿ. ಸಂಜೆ ಊಟ ಬೇಗ ಮುಗಿಸಬೇಕು. ಊಟವಾದ ಕೂಡಲೇ ಕ್ಯಾಪೆಸಿಟಬಿನ್. ನಂತರ ಹೊಟ್ಟೆ ಖಾಲಿಯಾಗಲು ಒಂದೆರಡು ಗಂಟೆ ಬಿಡಬೇಕು. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ವಾಂತಿ ತಡೆಯುವ ಮಾತ್ರೆ. ಕೊನೆಗೆ ಟೆಮೊಜೊಲೊಮೈಡ್ ಕ್ಯಾಪ್ಸೂಲ್‌ಗಳನ್ನು ಒಂದು ಲೋಟ ನೀರಿನ ಜೊತೆ ನುಂಗಿ ಮಲಗಿಬಿಡುವುದು. ಹೇಳಿದ ಡೋಸ್ ತುಂಬಲು ಬೇರೆ ಬೇರೆ ಮಿ.ಗ್ರಾಂನ ಎರಡು ಮೂರು ಬಣ್ಣದ ಕ್ಯಾಪ್ಸೂಲ್ ಸೇರಿಸಬೇಕಾಗುತ್ತದೆ. ನಿದ್ದೆಗಣ್ಣಿನಲ್ಲಿ ಎಣಿಸಿದರೆ ತಪ್ಪುತ್ತದೆ. ಒಂದು ಹಾಳೆಯಲ್ಲಿ 28 ಚೌಕ ಗೀಚಿ, ನುಂಗಿದ ಮೇಲೆ ಗುರುತು ಹಾಕುವುದು ಯಾವ ಮೊಬೈಲ್ ಅಲಾರಂಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಳೆ ನೋಡಿದರೆ ಮನೆಯವರಿಗೂ ಗೊತ್ತಾಗುತ್ತದೆ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಪಾಲು ನುಂಗಬೇಡಿ. ನುಂಗಿದ ಮೇಲೆ ವಾಂತಿಯಾದರೂ ಮತ್ತೆ ನುಂಗಬೇಡಿ, ಫೋನ್ ಮಾಡಿ ಕೇಳಿ. ಕ್ಯಾಪ್ಸೂಲ್ ಬಿಡಿಸಿ ಪುಡಿ ಕಲಸಿ ಕೊಡುವಂತಿಲ್ಲ.

ಸ್ಟ್ರೆಪ್ಟೊಜೋಸಿನ್ ಎಂಬ ಹೆಸರೂ ಕೇಳಿದ್ದೇವೆ?

ಇದು ಹಳೆಯ ಮದ್ದು. ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ಹುಡುಕಿಕೊಂಡು ಹೋಗಿ ಹಾಳುಮಾಡುವ ಗುಣ ಇದಕ್ಕಿದೆ. ಲ್ಯಾಬ್‌ಗಳಲ್ಲಿ ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಲು ಇವತ್ತಿಗೂ ಇದನ್ನೇ ಬಳಸುತ್ತಾರೆ. ಪ್ಯಾಂಕ್ರಿಯಾಸ್ ನೆಟ್ ಮೇಲೆ ಇದು ಕೆಲಸ ಮಾಡುವುದೂ ಅದೇ ಗುಣದಿಂದ. ಅಮೆರಿಕದಲ್ಲಿ 1982ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಯುರೋಪಿನಲ್ಲಿ 5-ಎಫ್‌ಯು ಎಂಬ ಇನ್ನೊಂದು ಕಿಮೊ ಔಷಧಿ ಜೊತೆ ಈಗಲೂ ಕೊಡುತ್ತಾರೆ. ಕಿಡ್ನಿಗೆ ಪೆಟ್ಟು ಕೊಡುತ್ತದೆ, ಆದ್ದರಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದು ಪದೇ ಪದೇ ನೋಡುತ್ತಾರೆ.

ಗ್ರೇಡ್ 3 ನೆಟ್ ಅಂದಿದ್ದಾರೆ. ಒಬ್ಬರು ಪ್ಲಾಟಿನಂ ಕಿಮೊ ಅಂತಾರೆ, ಇನ್ನೊಬ್ಬರು ಮಾತ್ರೆ ಅಂತಾರೆ. ಯಾರನ್ನು ನಂಬುವುದು?

ಇದು ನಿಜವಾಗಿಯೂ ಕಷ್ಟದ ಜಾಗ. ಮೊದಲೆಲ್ಲ ಕೆಐ-67 20% ದಾಟಿದರೆ ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿ ಪ್ಲಾಟಿನಂ ಕೊಡುತ್ತಿದ್ದರು. 2013ರಲ್ಲಿ ನಾರ್ಡಿಕ್ ದೇಶಗಳ ಒಂದು ಅಧ್ಯಯನ ಹೊರಬಂತು. ಕೆಐ-67 55%ಗಿಂತ ಕಡಿಮೆ ಇದ್ದವರಲ್ಲಿ ಪ್ಲಾಟಿನಂಗೆ ಗಡ್ಡೆ ಕುಗ್ಗಿದ್ದು 15% ಜನರಲ್ಲಿ, ಅದಕ್ಕಿಂತ ಮೇಲಿದ್ದವರಲ್ಲಿ 42%. ವಿಚಿತ್ರ ಅಂದರೆ, ಕಡಿಮೆ ಕುಗ್ಗಿದವರೇ ಹೆಚ್ಚು ಕಾಲ ಬದುಕಿದರು. ಅವರ ಗಡ್ಡೆಯೇ ನಿಧಾನದ್ದು. ವೆಲ್ ಡಿಫರೆನ್ಶಿಯೇಟೆಡ್ ಆಗಿದ್ದೂ ಗ್ರೇಡ್ 3 ಇರಬಹುದು ಎಂದು ಈಗ ಒಪ್ಪಿಕೊಂಡಿದ್ದಾರೆ. ಅಂಥವರಿಗೆ ಕ್ಯಾಪ್‌ಟೆಮ್‌ನಂಥ ಮದ್ದು ಹೆಚ್ಚು ಹೊಂದುತ್ತದೆ. ರಿಸೆಪ್ಟರ್ ಚೆನ್ನಾಗಿದ್ದರೆ ಲ್ಯುಟೀಷಿಯಂ ಕೂಡ ಒಂದು ದಾರಿ. 2024ರಲ್ಲಿ ಬಂದ ನೆಟರ್-2 ಪ್ರಯೋಗದಲ್ಲಿ 10ರಿಂದ 55% ಕೆಐ-67 ಇದ್ದವರಿಗೆ ಅದನ್ನೇ ಮೊದಲ ಚಿಕಿತ್ಸೆಯಾಗಿ ಕೊಟ್ಟು ಒಳ್ಳೆಯ ಫಲ ಕಂಡಿದ್ದಾರೆ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ, "ಇದು ಜೋರಿನ ನೆಟ್ಟೋ, ನೆಕ್ಕೋ? ಯಾವ ಆಧಾರದ ಮೇಲೆ ಹೇಳುತ್ತೀರಿ?" ಎಂದು ಕೇಳಿ. ಡೋಟಾಟೇಟ್ ಪೆಟ್ ಸ್ಕ್ಯಾನ್ ಮತ್ತು ಎಫ್‌ಡಿಜಿ ಪೆಟ್ ಸ್ಕ್ಯಾನ್ ಎರಡನ್ನೂ ಮಾಡಿಸಲು ಹೇಳುವುದು ಈ ಕಾರಣಕ್ಕೇ. ಮೊದಲನೆಯದರಲ್ಲಿ ರಿಸೆಪ್ಟರ್ ಇರುವ ನಿಧಾನದ ಗಡ್ಡೆ ಹೊಳೆಯುತ್ತದೆ, ಎರಡನೆಯದರಲ್ಲಿ ಸಕ್ಕರೆ ನುಂಗುವ ಜೋರಿನ ಗಡ್ಡೆ.

ಕಿಮೊಗೆ ಮುಂಚೆ ಇಷ್ಟೊಂದು ಪರೀಕ್ಷೆ ಯಾಕೆ?

ರಕ್ತಕಣ, ಕಿಡ್ನಿ, ಲಿವರ್ ನೋಡದೆ ಡೋಸ್ ಲೆಕ್ಕ ಹಾಕುವಂತಿಲ್ಲ. ಹೆಪಟೈಟಿಸ್ ಬಿ ಪರೀಕ್ಷೆಯನ್ನು ಬೇಡ ಅನ್ನಬೇಡಿ. ಮೈಯಲ್ಲಿ ಅಡಗಿ ಕೂತ ವೈರಸ್ ಕಿಮೊ ಸಮಯದಲ್ಲಿ ಮತ್ತೆ ಎದ್ದು ಲಿವರ್ ಕೆಡಿಸಬಹುದು. ಮೊದಲೇ ಗೊತ್ತಿದ್ದರೆ ಮಾತ್ರೆಯಿಂದ ತಡೆಯಬಹುದು.

ಕ್ಯಾಪೆಸಿಟಬಿನ್ ಅಥವಾ 5-ಎಫ್‌ಯು ಕೊಡುವುದಾದರೆ ಡಿಪಿಡಿ ಪರೀಕ್ಷೆ ಬಗ್ಗೆ ಕೇಳಿ. ಈ ಔಷಧಿಯನ್ನು ಮೈಯಿಂದ ಕಳೆಯುವ ಕಿಣ್ವ ಡಿಪಿಡಿ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ. ಅಂಥವರಿಗೆ ಮಾಮೂಲಿ ಡೋಸೇ ಪ್ರಾಣಕ್ಕೆ ಎರವಾಗಬಹುದು. ಚಿಕಿತ್ಸೆಗೆ ಮುಂಚೆ ಈ ಪರೀಕ್ಷೆ ಮಾಡಬೇಕೆಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಹೇಳಿದೆ. ಎಲ್ಲ ಕಡೆ ತಾನಾಗಿಯೇ ಮಾಡುವುದಿಲ್ಲ, ಹಾಗಾಗಿ ನೀವೇ ಬಾಯಿ ಬಿಡಬೇಕು.

ಕೂದಲು ಉದುರುತ್ತಾ?

ಎಟೊಪೊಸೈಡ್‌ನಲ್ಲಿ ಉದುರುತ್ತದೆ, ಮುಗಿದ ಮೇಲೆ ಮತ್ತೆ ಬರುತ್ತದೆ. ಕ್ಯಾಪ್‌ಟೆಮ್‌ನಲ್ಲಿ ಸ್ವಲ್ಪ ತೆಳ್ಳಗಾಗಬಹುದು, ಅಷ್ಟೇ.

ಜ್ವರ ಬಂದರೆ ಏನು ಮಾಡಬೇಕು?

38 ಡಿಗ್ರಿ ಸೆಲ್ಸಿಯಸ್ ಅಥವಾ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಆಗಲೇ ಆಸ್ಪತ್ರೆಗೆ ಹೊರಡಿ. ರಾತ್ರಿ ಎರಡು ಗಂಟೆಯಾದರೂ ಸರಿ. ಪ್ಲಾಟಿನಂ ಕಿಮೊ ಆದ 7ರಿಂದ 14 ದಿನಗಳ ಸುಮಾರಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಮೊದಲು ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು, ಬೆಳಗ್ಗೆ ನೋಡೋಣ ಅನ್ನುವುದು ಎಲ್ಲರೂ ಮಾಡುವ ತಪ್ಪು. ಜ್ವರ ಇಳಿದರೂ ಸೋಂಕು ಅಲ್ಲೇ ಇರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ, ಕೈ ಮುಟ್ಟಿ ನೋಡಿ ಅಂದಾಜು ಮಾಡುವುದು ಬೇಡ. ಆಸ್ಪತ್ರೆಯ ಬಾಗಿಲಲ್ಲೇ "ಕಿಮೊ ನಡೀತಿದೆ, ಜ್ವರ ಇದೆ" ಎಂದು ಹೇಳಿ, ಸಾಲಿನಲ್ಲಿ ಕೂರಬೇಡಿ.

ಟೆಮೊಜೊಲೊಮೈಡ್‌ನಲ್ಲಿ ಕಣಗಳು ತಡವಾಗಿ, ಮೂರು ನಾಲ್ಕು ವಾರಕ್ಕೆ ಇಳಿಯಬಹುದು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಕಡಿಮೆಯಾಗಿ ನ್ಯೂಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬರುವ ಸಂಭವವೂ ಇದೆ. ಒಣಕೆಮ್ಮು, ಏದುಸಿರು ಶುರುವಾದರೆ ತಕ್ಷಣ ತಿಳಿಸಿ.

ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತಿದೆ. ತಡೆದುಕೊಂಡು ಮುಂದುವರಿಸಲಾ?

ಬೇಡ. ಇದು ಕ್ಯಾಪೆಸಿಟಬಿನ್‌ನ ಗುರುತಾದ ತೊಂದರೆ. ಚುರುಚುರು, ಕೆಂಪು, ಸಿಪ್ಪೆ ಏಳುವುದು, ಆಮೇಲೆ ನಡೆಯಲಾಗದಷ್ಟು ನೋವು, ಹೀಗೆ ಏರುತ್ತದೆ. ನೋವು ಶುರುವಾದಾಗಲೇ ಹೇಳಿದರೆ ಕೆಲ ದಿನ ನಿಲ್ಲಿಸಿ, ಡೋಸ್ ಕಡಿಮೆ ಮಾಡಿ ಮುಂದುವರಿಸಬಹುದು. ಡೋಸ್ ಇಳಿಸಿದರೆ ಮದ್ದು ಸೋಲುತ್ತದೆ ಎಂಬ ಭಯದಿಂದ ಬಾಯಿ ಮುಚ್ಚಿಕೊಂಡಿದ್ದರೆ, ಕೊನೆಗೆ ಮದ್ದನ್ನೇ ಬಿಡಬೇಕಾಗುತ್ತದೆ. ಯೂರಿಯಾ ಇರುವ ಕ್ರೀಮ್ ಹಚ್ಚಿ, ಬಿಗಿ ಚಪ್ಪಲಿ, ಬಿಸಿ ನೀರು ದೂರ ಇಡಿ.

ಇದೇ ಮಾತ್ರೆಯಿಂದ ಎದೆನೋವು ಬಂದರೆ ಮಾತ್ರೆ ನಿಲ್ಲಿಸಿ ನೇರ ತುರ್ತು ವಿಭಾಗಕ್ಕೆ ಹೋಗಿ. ಹೃದಯದ ರಕ್ತನಾಳ ಬಿಗಿಹಿಡಿಯುವುದು ಅಪರೂಪವಾದರೂ ಇದ್ದದ್ದೇ.

ಭೇದಿ ನಿಲ್ಲುತ್ತಿಲ್ಲ. ಕಿಮೊದಿಂದಲೇ ಇರಬೇಕು, ಅಲ್ವಾ?

ಇರಬಹುದು, ಇಲ್ಲದಿರಲೂಬಹುದು. ಈ ಕಾಯಿಲೆಯಲ್ಲಿ ಭೇದಿಗೆ ಕಾರಣಗಳು ಜಾಸ್ತಿ, ಒಂದೊಂದಕ್ಕೂ ಮದ್ದು ಬೇರೆ. ಗಡ್ಡೆ ಸಿರೊಟೋನಿನ್‌ನಂಥ ಹಾರ್ಮೋನ್ ಸುರಿಸುತ್ತಿದ್ದರೆ ನೀರು ನೀರಾಗಿ ಆಗುತ್ತದೆ, ರಾತ್ರಿಯೂ ಎಬ್ಬಿಸುತ್ತದೆ, ಜೊತೆಗೆ ಮುಖ ಕೆಂಪೇರಿ ಬಿಸಿಯಾಗಬಹುದು. ಆಕ್ಟ್ರಿಯೋಟೈಡ್ ಇಂಜೆಕ್ಷನ್‌ನಿಂದ ಅಥವಾ ಪ್ಯಾಂಕ್ರಿಯಾಸ್ ಕತ್ತರಿಸಿದ್ದರಿಂದ ಜೀರ್ಣರಸ ಕಡಿಮೆಯಾದರೆ ಮಲ ಜಿಡ್ಡು ಜಿಡ್ಡಾಗಿ, ಮಸುಕು ಬಣ್ಣದಲ್ಲಿ, ತೇಲುತ್ತಾ, ವಾಸನೆ ಬರುತ್ತದೆ. ಅದಕ್ಕೆ ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ಬೇಕು. ಸಣ್ಣ ಕರುಳಿನ ಕೊನೆಯ ಭಾಗ ತೆಗೆದಿದ್ದರೆ ಪಿತ್ತರಸ ಮುಂದಕ್ಕೆ ಇಳಿದು ಉರಿಯುವ ಭೇದಿ ಆಗುತ್ತದೆ, ಅದಕ್ಕೆ ಪಿತ್ತರಸ ಹಿಡಿಯುವ ಪುಡಿ ಕೊಡುತ್ತಾರೆ. ಕ್ಯಾಪೆಸಿಟಬಿನ್ ಭೇದಿ ಮಾತ್ರೆ ನುಂಗುವ ವಾರಗಳಲ್ಲಿ ಏರಿ, ಬಿಡುವಿನಲ್ಲಿ ಇಳಿಯುತ್ತದೆ. ಇದಲ್ಲದೆ ಸೋಂಕೂ ಇರಬಹುದು.

ಹಾಗಾಗಿ "ಭೇದಿ ಆಗ್ತಿದೆ" ಎಂದಷ್ಟೇ ಹೇಳಬೇಡಿ. ಎಷ್ಟು ಸಲ, ರಾತ್ರಿ ಏಳಬೇಕಾಗುತ್ತಾ, ಜಿಡ್ಡಿದೆಯಾ, ಸೈಕಲ್‌ನ ಯಾವ ದಿನ, ಇಷ್ಟನ್ನು ಬರೆದುಕೊಂಡು ಹೋಗಿ. ಮಾಮೂಲಿಗಿಂತ ದಿನಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಜಾಸ್ತಿಯಾದರೆ, ರಕ್ತ ಕಂಡರೆ, ತಲೆ ಸುತ್ತಿದರೆ ಕ್ಯಾಪೆಸಿಟಬಿನ್ ನಿಲ್ಲಿಸಿ ಫೋನ್ ಮಾಡಿ.

ಕಿಮೊ ಶುರುವಾಯಿತು. ತಿಂಗಳ ಇಂಜೆಕ್ಷನ್ ಬಿಡಬಹುದಾ?

ನೀವಾಗಿ ಬಿಡಬೇಡಿ. ಗಡ್ಡೆ ಹಾರ್ಮೋನ್ ಸುರಿಸುವಂಥದ್ದಾಗಿದ್ದರೆ ಆ ಇಂಜೆಕ್ಷನ್ ಕಿಮೊ ಜೊತೆಗೂ ಮುಂದುವರಿಯುತ್ತದೆ. ಹಠಾತ್ತಾಗಿ ಹಾರ್ಮೋನ್ ಉಕ್ಕಿ ಬಿಪಿ ಏರುಪೇರಾಗುವ ಸ್ಥಿತಿಗೆ ಕಾರ್ಸಿನಾಯ್ಡ್ ಕ್ರೈಸಿಸ್ ಎನ್ನುತ್ತಾರೆ. ಅರಿವಳಿಕೆ, ಬಯಾಪ್ಸಿ, ಆಪರೇಷನ್ ಇವೆಲ್ಲ ಅದನ್ನು ಕೆಣಕಬಹುದು. ಹಲ್ಲು ಕೀಳಿಸುವುದಕ್ಕೆ ಹೋದರೂ ನಿಮ್ಮ ಕಾಯಿಲೆ ಏನೆಂದು ಮೊದಲೇ ಹೇಳಿ. ಹಾರ್ಮೋನ್ ಸುರಿಸದ ನೆಕ್‌ನಲ್ಲಿ ಈ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಕೆಲಸವಿಲ್ಲ.

ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆ ಏರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ಪ್ಯಾಂಕ್ರಿಯಾಸ್ ಆಪರೇಷನ್ ಆಗಿದ್ದರೆ ಆ ದಿನಗಳಲ್ಲಿ ಜಾಸ್ತಿ ಸಲ ಚೆಕ್ ಮಾಡಿಕೊಳ್ಳಿ.

ಬೇರೆ ಮಾತ್ರೆ, ವಿಟಮಿನ್, ಗಿಡಮೂಲಿಕೆ ತಗೊಳ್ಳಬಹುದಾ?

ಏನೇ ತೆಗೆದುಕೊಳ್ಳುತ್ತಿದ್ದರೂ ಡಬ್ಬಿ ಸಮೇತ ತಂದು ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕ್ಯಾಪೆಸಿಟಬಿನ್ ಸೇರಿದರೆ ರಕ್ತಸ್ರಾವ ಆಗಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯ್ನ್ ಪ್ರಮಾಣ ರಕ್ತದಲ್ಲಿ ಏರುತ್ತದೆ. ನಿರಪಾಯ ಅನ್ನಿಸುವ ಫೋಲಿಕ್ ಆ್ಯಸಿಡ್ ಕೂಡ ಕ್ಯಾಪೆಸಿಟಬಿನ್‌ನ ತೊಂದರೆ ಹೆಚ್ಚಿಸುತ್ತದೆ. ಗಿಡಮೂಲಿಕೆಗಳಲ್ಲಿ ಏನೇನಿದೆ ಎಂಬುದೇ ತಿಳಿಯದಿದ್ದರೆ, ಲಿವರ್ ಕೆಟ್ಟಾಗ ದೂರುವುದು ಯಾವುದನ್ನು? ಕಿಮೊ ಮುಗಿಯುವವರೆಗೆ ದೂರ ಇಡುವುದೇ ಜಾಣತನ.

ಜೀವಂತ ವೈರಸ್ ಇರುವ ಲಸಿಕೆಗಳು ಬೇಡ. ಫ್ಲೂ ಇಂಜೆಕ್ಷನ್ ಪರವಾಗಿಲ್ಲ.

ಮನೆಯಲ್ಲಿ ಮಕ್ಕಳಿದ್ದಾರೆ, ಬಸುರಿ ಇದ್ದಾರೆ. ದೂರ ಇರಬೇಕಾ?

ಮುಟ್ಟುವುದು, ಅಪ್ಪಿಕೊಳ್ಳುವುದು, ಜೊತೆಗೆ ಊಟ ಮಾಡುವುದು ಎಲ್ಲ ಸರಿ. ಎಚ್ಚರ ಬೇಕಾಗಿರುವುದು ಔಷಧಿ ಮತ್ತು ಮಲಮೂತ್ರದ ವಿಷಯದಲ್ಲಿ. ಮಾತ್ರೆಯನ್ನು ಬೇರೆಯವರು ತೆಗೆದುಕೊಡುವುದಾದರೆ ಗ್ಲೌಸ್ ಹಾಕಿಕೊಳ್ಳಲಿ, ಬಸುರಿಯರು ಮುಟ್ಟುವುದೇ ಬೇಡ. ಕಿಮೊ ನಡೆದ ದಿನಗಳಲ್ಲಿ, ಆಮೇಲೆ ಸುಮಾರು ಎರಡು ದಿನ ಟಾಯ್ಲೆಟ್‌ನಲ್ಲಿ ಮುಚ್ಚಳ ಹಾಕಿ ಎರಡು ಸಲ ನೀರು ಬಿಡಿ. ವಾಂತಿಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಮುಂದೆ ಮಕ್ಕಳು ಬೇಕೆಂದಿದ್ದರೆ ವೀರ್ಯ ಅಥವಾ ಅಂಡ ಕಾದಿಡುವ ಮಾತನ್ನು ಮೊದಲ ಸೈಕಲ್‌ಗೆ ಮುಂಚೆಯೇ ಎತ್ತಬೇಕು. ನಾಚಿಕೆಯಿಂದ ಮುಂದೂಡಿದರೆ ಆಮೇಲೆ ದಾರಿ ಇರುವುದಿಲ್ಲ. ಟೆಮೊಜೊಲೊಮೈಡ್ ಮುಗಿದ ಮೇಲೂ ಹೆಂಗಸರು ಕನಿಷ್ಠ 6 ತಿಂಗಳು, ಗಂಡಸರು ಕನಿಷ್ಠ 3 ತಿಂಗಳು ಗರ್ಭ ತಡೆಯುವ ಕ್ರಮ ಪಾಲಿಸಬೇಕು.

ಕಿಮೊ ಕೆಲಸ ಮಾಡುತ್ತಿದೆಯಾ ಎಂದು ಹೇಗೆ ತಿಳಿಯುವುದು?

ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಹೋಲಿಸುತ್ತಾರೆ. ನೆಕ್‌ನಲ್ಲಿ ಇನ್ನೂ ಬೇಗ. "ಸ್ಟೇಬಲ್" ಅಂದರೆ ಬೇಸರ ಪಡಬೇಡಿ. ಬೆಳೆಯುತ್ತಿದ್ದ ಗಡ್ಡೆ ನಿಂತಿದೆ ಅಂದರೆ ಮದ್ದು ತಾಗಿದೆ ಎಂದೇ ಲೆಕ್ಕ.

ಈ ಗಡ್ಡೆಗಳು ರಕ್ತಕ್ಕೆ ಬಿಡುವ ಕ್ರೋಮೋಗ್ರ್ಯಾನಿನ್ ಎ ಎಂಬ ಪ್ರೋಟೀನ್‌ನ ಅಂಕಿಯ ಹಿಂದೆ ಬೀಳಬೇಡಿ. ಗ್ಯಾಸ್ಟ್ರಿಕ್‌ಗೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯಿಂದಲೇ ಅದು ಹಲವು ಪಟ್ಟು ಏರುತ್ತದೆ. ಕಿಡ್ನಿ ಸೋತಿದ್ದರೂ ಏರುತ್ತದೆ. ಎಷ್ಟೋ ಮನೆಗಳಲ್ಲಿ ಈ ಒಂದು ಅಂಕಿಗೆ ನಿದ್ದೆ ಕೆಡುತ್ತದೆ, ಕಾರಣ ಮಾತ್ರ ಔಷಧಿ ಡಬ್ಬಿಯಲ್ಲಿರುತ್ತದೆ. ಹಾಗೆಂದು ಪರೀಕ್ಷೆಗಾಗಿ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಗ್ಯಾಸ್ಟ್ರಿನೋಮ (ಹೊಟ್ಟೆಯ ಆಮ್ಲ ಹೆಚ್ಚಿಸುವ ಹಾರ್ಮೋನ್ ಸುರಿಸುವ ಗಡ್ಡೆ) ಇರುವವರು ದಿಢೀರನೆ ನಿಲ್ಲಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು.

ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಂದರೆ ಕೆಲವೇ ತಿಂಗಳು ಅಂತ ಓದಿದ್ದೇವೆ. ಇದೂ ಹಾಗೇನಾ?

ನೀವು ಓದಿದ್ದು ಬಹುಶಃ ಪ್ಯಾಂಕ್ರಿಯಾಸ್‌ನ ಸಾಮಾನ್ಯ ಕ್ಯಾನ್ಸರ್ ಆದ ಅಡಿನೋಕಾರ್ಸಿನೋಮ ಬಗ್ಗೆ. ಜಾಗ ಒಂದೇ, ಕಾಯಿಲೆ ಬೇರೆ. ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಗೊತ್ತಾದದ್ದು ನ್ಯೂರೋಎಂಡೋಕ್ರೈನ್ ಬಗೆ, ಅವರು ತೀರಿಕೊಂಡದ್ದು 2011ರಲ್ಲಿ. ಅಂಕಿಅಂಶ ಹುಡುಕುವಾಗ ನಿಮ್ಮ ರಿಪೋರ್ಟ್‌ನ ಪೂರ್ತಿ ಹೆಸರು, ಗ್ರೇಡ್ ಸಮೇತ ಹುಡುಕಿ.

ಮೊದಲ ಕಿಮೊ ಸೋತರೆ?

ನೆಕ್‌ನಲ್ಲಿ ಫಾಲ್‌ಫಿರಿ, ಫಾಲ್‌ಫಾಕ್ಸ್ ಎಂಬ ಬೇರೆ ಕಿಮೊ ಜೋಡಿಗಳಿಗೆ ಹೋಗುತ್ತಾರೆ. ಪ್ಲಾಟಿನಂ ಮುಗಿದು ಬಹಳ ತಿಂಗಳ ನಂತರ ಕಾಯಿಲೆ ಮರಳಿದರೆ ಅದೇ ಔಷಧಿಯನ್ನು ಮತ್ತೆ ಕೊಟ್ಟು ನೋಡುವುದೂ ಉಂಟು. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ಬಿಆರ್‌ಎಎಫ್‌ನಂಥ ಬದಲಾವಣೆ ಸಿಕ್ಕರೆ ಅದಕ್ಕೆಂದೇ ಇರುವ ಮಾತ್ರೆಗಳಿವೆ. ನೆಟ್‌ನಲ್ಲಿ ಆಯ್ಕೆ ಇನ್ನೂ ಹೆಚ್ಚು. ಕ್ಯಾಬೊಜಾಂಟಿನಿಬ್ ಎಂಬ ಮಾತ್ರೆಗೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಇನ್ನು ಕಿಮೊ ಸಾಕು ಅನ್ನುವುದೂ ರೋಗಿಯ ಹಕ್ಕು. ನೋವು, ಸುಸ್ತು, ಭೇದಿ, ನಿದ್ದೆ ನೋಡಿಕೊಳ್ಳುವ ಪ್ಯಾಲಿಯೇಟಿವ್ ತಂಡವನ್ನು ಕೊನೆಗೆ ಕರೆಯುವುದು ಅಂತ ಇಲ್ಲ, ನೆಕ್‌ನಲ್ಲಂತೂ ಮೊದಲ ಸೈಕಲ್‌ನಿಂದಲೇ ಜೊತೆಗಿದ್ದರೆ ಒಳ್ಳೆಯದು.

ಕಿಮೊ ಮುಗಿದ ಮೇಲೆ ಏನನ್ನು ಗಮನಿಸಬೇಕು?

ಸಿಸ್‌ಪ್ಲಾಟಿನ್ ಪಡೆದವರಿಗೆ ಬೆರಳ ತುದಿ ಜೋಮು ಹಿಡಿದಂತಾಗುವುದು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಕಿಮೊ ಮುಗಿದ ಮೇಲೂ ಕೆಲ ತಿಂಗಳು ಏರಬಹುದು. ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತಿದೆ ಅಂದರೆ ಅದನ್ನೂ ಹೇಳಿ, ಸಣ್ಣ ವಿಷಯ ಅಂತ ಬಿಡಬೇಡಿ. ಟೆಮೊಜೊಲೊಮೈಡ್ ಬಹಳ ಸೈಕಲ್ ಆದವರು ರಕ್ತ ಪರೀಕ್ಷೆ ಮುಂದುವರಿಸಬೇಕು, ಅಸ್ಥಿಮಜ್ಜೆಗೆ ತಡವಾಗಿ ತೊಂದರೆಯಾಗುವುದು ಅಪರೂಪಕ್ಕೆ ಕಂಡಿದೆ. ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಯಾವ ಲ್ಯಾಬ್‌ನಲ್ಲಿದೆ ಎಂದು ಫೈಲ್‌ನ ಮೇಲೇ ಬರೆದಿಡಿ. ಕಾಯಿಲೆ ಮರಳಿ ಬಂದರೆ, ಆಗಿದ್ದ ಕೆಐ-67 ಈಗಲೂ ಅಷ್ಟೇ ಇದೆಯಾ ಎಂದು ಹೊಸ ಬಯಾಪ್ಸಿ ಮಾಡಿ ಹಳೆಯದರ ಪಕ್ಕ ಇಟ್ಟು ನೋಡುತ್ತಾರೆ. ಅದು ಏರಿದ್ದರೆ ಮದ್ದೂ ಬದಲಾಗುತ್ತದೆ.